ಸಾರಥಿಗೂ ಒಂದು ಎಲೆ

‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ದಡ ಸೇರುವವರೆಗೆ ಅಂಬಿಗನೇ ದೇವರು. ದಡ ಮುಟ್ಟಿದೊಡನೆ ಅವನಾರೋ, ನಾವಾರೋ. ಮನುಷ್ಯ ಸ್ವಭಾವದ ಈ ಸಣ್ಣತನವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಕಾಲಾನಂತರದಲ್ಲಿ ಹೊಳೆಗಳಿಗೆ ಸೇತುವೆಗಳಾದವು, ದೋಣಿಗಳು ಮೂಲೆ ಸೇರಿದವು. ಅಂಬಿಗನ ಸ್ಥಾನಕ್ಕೆ ಎತ್ತಿನ ಗಾಡಿಯವನು ಬಂದ, ಜಟಕಾದವನು ಬಂದ, ಈಗ ಟ್ಯಾಕ್ಸಿಯ ಚಾಲಕ ಬಂದಿದ್ದಾನೆ. ಗಾದೆ ಮಾತ್ರ ಒಂದಕ್ಷರವೂ ಬದಲಾಗದೆ ಉಳಿದುಕೊಂಡಿದೆ.

ಸಾರಥಿಯ ವಿಷಯದಲ್ಲಿ ನಮ್ಮ ಸಮಾಜಕ್ಕೆ ಮೊದಲಿನಿಂದಲೂ ಎರಡು ನಾಲಿಗೆ. ಅರ್ಜುನನ ರಥ ನಡೆಸಿದ ಕೃಷ್ಣನಿಗೆ ನಾವು ಪಾರ್ಥಸಾರಥಿ ಎಂದು ಗುಡಿ ಕಟ್ಟಿದೆವು. ಅದೇ ಮಹಾಭಾರತದಲ್ಲಿ ಸಾರಥಿಯ ಮನೆಯಲ್ಲಿ ಬೆಳೆದ ತಪ್ಪಿಗೆ ಕರ್ಣ ಬದುಕಿನುದ್ದಕ್ಕೂ ಸೂತಪುತ್ರನೆಂಬ ಮೂದಲಿಕೆ ಕೇಳಬೇಕಾಯಿತು. ಹಾಗೆಯೇ ಹನ್ನೆರಡನೆಯ ಶತಮಾನದ ಶರಣರು ದೋಣಿ ನಡೆಸುವ ಚೌಡಯ್ಯನನ್ನು ತಮ್ಮ ಸಾಲಿನಲ್ಲಿ ಕೂರಿಸಿಕೊಂಡರು. ‘ಅಂಬಿಗರ’ ಎಂಬ ಕಾಯಕದ ಹೆಸರೇ ಅವನ ಗೌರವದ ಹೆಸರಾಯಿತು. ಇಂದು ನಾವು ನಡೆಯುತ್ತಿರುವುದು ಶರಣರ ದಾರಿಯಲ್ಲೋ, ಕರ್ಣನನ್ನು ಮೂದಲಿಸಿದ ಸಭೆಯ ದಾರಿಯಲ್ಲೋ? ಟ್ಯಾಕ್ಸಿ ಚಾಲಕರನ್ನು ಹತ್ತಿರದಿಂದ ಕಂಡವನಾಗಿ ಈ ಪ್ರಶ್ನೆಯನ್ನು ಕೇಳಬೇಕೆನಿಸಿದೆ.

ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನಾನು ಅದರಲ್ಲಿ ಹೆಚ್ಚಿನ ಕಾಲವನ್ನು ಕಳೆದದ್ದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ. ಅಲ್ಲಿಯ ಬಸ್ ನಿಲ್ದಾಣದ ಪಕ್ಕದ ಮರದ ನೆರಳಿನಲ್ಲಿ ಏಳೆಂಟು ಅಂಬಾಸಿಡರ್ ಕಾರುಗಳು ನಿಲ್ಲುತ್ತಿದ್ದವು. ಅದೇ ಟ್ಯಾಕ್ಸಿ ಸ್ಟ್ಯಾಂಡು. ಬೋರ್ಡು ಇರಲಿಲ್ಲ, ಕಟ್ಟಡವಿರಲಿಲ್ಲ; ಆದರೆ ಕಟ್ಟುನಿಟ್ಟಾದ ಒಂದು ವ್ಯವಸ್ಥೆಯಿತ್ತು. ಬಾಡಿಗೆ ಬಂದರೆ ಸರದಿಯಲ್ಲಿ ಮುಂದೆ ನಿಂತವನಿಗೇ ಸಲ್ಲಬೇಕು. ಒಬ್ಬನ ಗಿರಾಕಿಯನ್ನು ಇನ್ನೊಬ್ಬ ಸೆಳೆಯುವಂತಿಲ್ಲ. ಯಾರದಾದರೂ ಗಾಡಿ ಘಟ್ಟದಲ್ಲಿ ಕೆಟ್ಟು ನಿಂತರೆ ಸ್ಟ್ಯಾಂಡಿನಿಂದ ಇನ್ನೊಬ್ಬ ಹಗ್ಗ ಹಿಡಿದು ಹೊರಡುತ್ತಿದ್ದ. ಬಾಡಿಗೆ ಇಲ್ಲದ ಮಧ್ಯಾಹ್ನಗಳಲ್ಲಿ ಒಬ್ಬ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿದರೆ ಉಳಿದವರು ಬಾನೆಟ್ಟಿಗೊರಗಿ ಕೇಳುತ್ತಿದ್ದರು. ತಿಂಗಳಿಗೊಮ್ಮೆ ಚೀಟಿ ಎತ್ತುತ್ತಿದ್ದರು. ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿದ ಕಾರುಗಳ ಮುಂದೆ ಕುಂಬಳಕಾಯಿ ಒಡೆದು, ಶಾಲೆಯ ಮಕ್ಕಳಿಗೆಲ್ಲ ಮಂಡಕ್ಕಿ, ಬಾಳೆಹಣ್ಣು ಹಂಚುತ್ತಿದ್ದರು.

ನಡುರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಮನೆಯವರು ಮೊದಲು ಓಡುತ್ತಿದ್ದದ್ದು ಚಾಲಕನ ಮನೆಗೆ. ಅವನು ಹಾಸಿಗೆಯಿಂದೆದ್ದು ಅಂಗಿ ತೊಟ್ಟುಕೊಳ್ಳುತ್ತಲೇ ಬರುತ್ತಿದ್ದ. ಬಾಡಿಗೆಯ ಮಾತು ಮರುದಿನಕ್ಕೆ. ಯಾರ ಮನೆಗೆ ಯಾವ ತಿರುವಿನಲ್ಲಿ ಇಳಿಯಬೇಕು, ಯಾವ ಸಂಕದ ಮೇಲೆ ಮಳೆಗಾಲದಲ್ಲಿ ಕಾರು ಹೋಗದು ಎಂಬುದೆಲ್ಲ ಅವರಿಗೆ ಬಾಯಿಪಾಠ. ಲಂಡನ್ ನಗರದ ಕರಿ ಟ್ಯಾಕ್ಸಿಯ ಚಾಲಕರು ಚೇರಿಂಗ್ ಕ್ರಾಸ್ ಸುತ್ತಲಿನ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳನ್ನು ಮನನ ಮಾಡಿ ಪರೀಕ್ಷೆ ಕೊಡುತ್ತಾರೆ. ಆ ಪರೀಕ್ಷೆಗೆ ‘ನಾಲೆಜ್’ ಎಂದೇ ಹೆಸರು. 2000ದಲ್ಲಿ ಅಲ್ಲಿಯ ವಿಜ್ಞಾನಿಗಳು ಈ ಚಾಲಕರ ಮಿದುಳನ್ನು ಪರಿಶೀಲಿಸಿ, ದಾರಿಯ ನೆನಪಿಗೆ ಸಂಬಂಧಿಸಿದ ಭಾಗದ ಒಂದು ಪಾರ್ಶ್ವ ಇತರರಿಗಿಂತ ದೊಡ್ಡದಾಗಿರುವುದನ್ನು ಕಂಡರು. ನಮ್ಮ ಊರಿನ ಚಾಲಕರಿಗೆ ಅಂಥ ಪರೀಕ್ಷೆಯನ್ನು ಯಾರೂ ಇಡಲಿಲ್ಲ. ಆದರೆ ಅವರದೂ ವಿದ್ಯೆಯೇ ಎಂಬುದು ಊರಿಗೆ ಗೊತ್ತಿತ್ತು. ಆದ್ದರಿಂದಲೇ ಅವರನ್ನು ‘ಅಣ್ಣ’ ಎಂದೋ ‘ಭಾವ’ ಎಂದೋ ಕರೆಯುತ್ತಿದ್ದರು.

ಆ ಕಾಲವೇ ಸುವರ್ಣಯುಗವೆಂದು ಹೇಳುವ ಉದ್ದೇಶ ನನಗಿಲ್ಲ. ಬಾಡಿಗೆಗೆ ನಿಗದಿಯಿರಲಿಲ್ಲ, ಅಪರಿಚಿತರಿಗೆ ಹೆಚ್ಚು ಹೇಳುವುದೂ ಇತ್ತು. ಬಡವನಿಗೆ ಟ್ಯಾಕ್ಸಿ ಎಂಬುದು ಸಾವು ನೋವಿನ ಹೊತ್ತಿಗೆ ಮಾತ್ರ ಎಟುಕುವ ಸಂಗತಿಯಾಗಿತ್ತು. ಬದಲಾವಣೆ ಅನಿವಾರ್ಯವೇ ಆಗಿತ್ತು, ಅದು ಬಂದಿತು. 1998ರಲ್ಲಿ ಟಾಟಾ ಇಂಡಿಕಾ ಬಂದ ಮೇಲೆ ಡೀಸೆಲ್ ಕಾರುಗಳು ಹೆಚ್ಚಿದವು. ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ಬೆಳೆದಂತೆ ರಾತ್ರಿ ಪಾಳಿಯ ಕ್ಯಾಬುಗಳು ಬೆಳೆದವು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಯಿತು. ನಗರದಿಂದ ಅಲ್ಲಿಗೆ ಒಯ್ಯಲು ಮತ್ತಷ್ಟು ಟ್ಯಾಕ್ಸಿಗಳು ಬೇಕಾದವು. ಓಲಾ ಸಂಸ್ಥೆ 2010ರಲ್ಲಿ ಹುಟ್ಟಿತು. ಉಬರ್ 2013ರಲ್ಲಿ ಭಾರತಕ್ಕೆ ಕಾಲಿಟ್ಟದ್ದು ಮೊದಲು ಬೆಂಗಳೂರಿನಲ್ಲೇ. 2014ರಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆಯೇ ನಿಂತುಹೋಯಿತು.

ನನ್ನ ಶಿಷ್ಯರಲ್ಲಿ ಹಲವರು ಊರಿನ ಜಮೀನನ್ನು ತಮ್ಮನಿಗೊಪ್ಪಿಸಿ ಬೆಂಗಳೂರಿಗೆ ಹೋದದ್ದು ಈ ಅಲೆಯಲ್ಲಿಯೇ. ಅವರಲ್ಲೊಬ್ಬ ಹತ್ತನೆಯ ತರಗತಿಯಲ್ಲಿ ಭೂಪಟ ಬರೆಯುವುದರಲ್ಲಿ ಎಲ್ಲರಿಗಿಂತ ಮುಂದಿದ್ದ. 2014ರಲ್ಲಿ ಸಾಲ ಮಾಡಿ ಒಂದು ಸ್ವಿಫ್ಟ್ ಡಿಸೈರ್ ಕೊಂಡು ಕಂಪನಿಯೊಂದಕ್ಕೆ ಅಟ್ಯಾಚ್ ಮಾಡಿದ. ಮೊದಮೊದಲು ಪ್ರೋತ್ಸಾಹಧನ ಚೆನ್ನಾಗಿಯೇ ಬರುತ್ತಿತ್ತು. ಬರಬರುತ್ತಾ ಅದು ಇಳಿಯಿತು, ಸಾಲದ ಕಂತು ಮಾತ್ರ ಇಳಿಯಲಿಲ್ಲ. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನ ಆ್ಯಪ್ ಟ್ಯಾಕ್ಸಿ ಚಾಲಕರು ಮುಷ್ಕರ ಹೂಡಿದ್ದು ಈ ಸಂಕಟದಿಂದಲೇ. ಊರಿಗೆ ಬಂದಾಗ ಅವನು ನನ್ನ ಮನೆಗೆ ಬರುವುದುಂಟು. ಒಮ್ಮೆ ಕಾಫಿ ಕುಡಿಯುತ್ತಾ ಹೇಳಿದ: “ಸಾರ್, ದಿನಕ್ಕೆ ಹದಿನೈದು ಇಪ್ಪತ್ತು ಜನರ ಜೊತೆ ಇರ್ತೀನಿ. ಆದ್ರೆ ರಾತ್ರಿ ಗಾಡಿ ನಿಲ್ಲಿಸಿದಾಗ ನೆನಪು ಮಾಡಿಕೊಂಡ್ರೆ, ಓ.ಟಿ.ಪಿ. ಕೇಳಿದ್ದು ಬಿಟ್ರೆ ಇನ್ನೇನೂ ಮಾತಾಡಿರಲ್ಲ.”

ಹಣದ ಕಷ್ಟಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಕಾಡಿತು. ಹೊಸ ವ್ಯವಸ್ಥೆಯಲ್ಲಿ ಸರದಿಯನ್ನು ಫೋನು ನಿರ್ಧರಿಸುತ್ತದೆ. ಆದ್ದರಿಂದ ಸ್ಟ್ಯಾಂಡು ಬೇಕಿಲ್ಲ. ಸ್ಟ್ಯಾಂಡು ಬೇಡವಾದಾಗ ಅಲ್ಲಿಯ ಪತ್ರಿಕೆ, ಚೀಟಿ, ಹಗ್ಗ ಹಿಡಿದು ಬರುವ ಗೆಳೆಯ ಎಲ್ಲವೂ ಬೇಡವಾದವು. ಪ್ರತಿಯೊಬ್ಬನೂ ಯಾವುದೋ ಬಡಾವಣೆಯ ಮರದ ಕೆಳಗೆ ಒಂಟಿಯಾಗಿ ಕುಳಿತು ಪರದೆ ನೋಡುತ್ತಿದ್ದಾನೆ. ಹಾಗೆ ಕುಳಿತಲ್ಲಿಯೂ ಬಡಾವಣೆಯ ಸಂಘದವರು ‘ಇಲ್ಲಿ ಗಾಡಿ ನಿಲ್ಲಿಸಬೇಡ’ ಎಂದು ಎಬ್ಬಿಸುತ್ತಾರೆ. ಶೌಚಕ್ಕೆ ಹೋಗಬೇಕೆಂದರೆ ಪೆಟ್ರೋಲ್ ಬಂಕ್ ಹುಡುಕಬೇಕು. ಕೆಲವರು ಅದೇ ಕಾರಣಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆಂದು ಅವನು ಹೇಳಿದಾಗ ನಮ್ಮ ಮನೆಯಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಇನ್ನು ದೂರದ ಊರಿನ ಬಾಡಿಗೆಯ ಮಾತಿಗೆ ಬರೋಣ. ಇಲ್ಲಿ ದೋಷವನ್ನು ಕಂಪನಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಇದು ನಮ್ಮ ನಿಮ್ಮ ಮನೆಯ ಪ್ರಶ್ನೆ. ಬೆಂಗಳೂರಿನಿಂದ ಹೊರಡುವ ಕಾರಿಗೆ ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 300 ಕಿಲೋಮೀಟರಿನ ಲೆಕ್ಕ, ಅದರ ಮೇಲೆ ಡ್ರೈವರ್ ಬಾಟಾ. ಮದುವೆಯ ದಿಬ್ಬಣವೆಂದರೆ ಬೆಳಗಿನ ಜಾವ ಮೂರಕ್ಕೆ ಮನೆಯ ಮುಂದೆ ಗಾಡಿ ಬಂದು ನಿಂತಿರಬೇಕು. ಎಂಟು ಗಂಟೆಗೆ ಛತ್ರ ಸೇರಿದೊಡನೆ ನಾವೆಲ್ಲ ಒಳಗೆ. ಚಾಲಕ ಹೊರಗೆ. ಉಪಾಹಾರಕ್ಕೆ ಅವನನ್ನು ಕರೆದವರಾರು? ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ನೋಡಿಕೊಂಡಾರು ಎಂದುಕೊಳ್ಳುತ್ತಾರೆ, ಹೆಣ್ಣಿನ ಕಡೆಯವರಿಗೆ ಅವನಾರೆಂದೇ ತಿಳಿಯದು. ಮಧ್ಯಾಹ್ನ ನಾಲ್ಕನೆಯ ಪಂಕ್ತಿ ಮುಗಿದ ಮೇಲೆ ಯಾರೋ ನೆನಪಿಸಿಕೊಂಡು, ‘ಡ್ರೈವರಿಗೆ ಊಟ ಆಯಿತೇ?’ ಎಂದು ಕೇಳುತ್ತಾರೆ. ಆ ವೇಳೆಗೆ ಹೋಳಿಗೆ ಮುಗಿದಿರುತ್ತದೆ, ಸಾರು ತಣ್ಣಗಾಗಿರುತ್ತದೆ. ಎಷ್ಟೋ ಚಾಲಕರು ಇದನ್ನು ತಿಳಿದೇ ಮುಂಚಿತವಾಗಿ ಹೊರಗೆಲ್ಲೋ ತಿಂದಿರುತ್ತಾರೆ. ಛತ್ರದ ತುಂಬ ಅನ್ನವಿದ್ದಾಗ ಒಬ್ಬ ಮನುಷ್ಯ ರಸ್ತೆ ಬದಿಯಲ್ಲಿ ಚಿತ್ರಾನ್ನದ ಪೊಟ್ಟಣ ಬಿಚ್ಚುವುದು ಆತಿಥೇಯರಿಗೂ ಶೋಭೆಯಲ್ಲ, ಅತಿಥಿಗಳಾದ ನಮಗೂ ಅಲ್ಲ.

‘ಬಾಟಾ ಕೊಡುತ್ತೇವಲ್ಲ, ಊಟದ ಹೊಣೆ ನಮ್ಮದೇಕೆ?’ ಎಂದು ವಾದಿಸುವವರನ್ನು ನಾನು ಬಲ್ಲೆ. ಲೆಕ್ಕದ ಪ್ರಕಾರ ಅವರ ಮಾತು ಸರಿ. ಆದರೆ ಬಾಟಾ ಎಂಬುದು ಮನೆ ಬಿಟ್ಟು ದುಡಿಯುವವನ ಖರ್ಚಿಗೆ ಕೊಡುವ ಭತ್ಯೆ; ಅದರಲ್ಲಿ ಉಳಿಸಿದ ಹಣ ಮಗುವಿನ ಶಾಲೆಯ ಶುಲ್ಕಕ್ಕೆ ಹೋಗುತ್ತದೆ. ಅಲ್ಲದೆ ಊಟವೆಂಬುದು ಬರೀ ಹೊಟ್ಟೆಯ ವಿಷಯವಾಗಿದ್ದರೆ ನಾವು ಮದುವೆಯಲ್ಲಿ ಸಾಲಾಗಿ ಕುಳಿತು ಏಕೆ ಉಣ್ಣಬೇಕಿತ್ತು? ಪಂಕ್ತಿಯಲ್ಲಿ ಕೂರಿಸುವುದು ‘ನೀನೂ ನಮ್ಮವನು’ ಎಂಬ ಮಾತಿಗೆ ಸಮ. ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ ಕಾರಿನಲ್ಲಿ ಬಂದವನೂ ಕಾರು ಓಡಿಸಿಕೊಂಡು ಬಂದವನೂ ಅಕ್ಕಪಕ್ಕ ಕುಳಿತು ಉಣ್ಣುವುದನ್ನು ನೋಡಿದ್ದೇನೆ. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದಲ್ಲಿಯೂ ಬಂದವನ ಉದ್ಯೋಗವೇನೆಂದು ಯಾರೂ ವಿಚಾರಿಸುವುದಿಲ್ಲ. ಕ್ಷೇತ್ರಕ್ಕೆ ಹೋದಾಗ ಒಪ್ಪುವ ನಡತೆ ನಮ್ಮದೇ ಮನೆಯ ಶುಭಕಾರ್ಯದಲ್ಲಿ ಏಕೆ ಒಪ್ಪುವುದಿಲ್ಲ?

ಊಟದಷ್ಟೇ, ಅಥವಾ ಅದಕ್ಕಿಂತ ಮಿಗಿಲಾದದ್ದು ನಿದ್ದೆ. ರಾತ್ರಿ ನಾವು ವಸತಿಗೃಹದಲ್ಲಿ ಮಲಗಿದರೆ ಚಾಲಕ ಕಾರಿನ ಸೀಟನ್ನು ಹಿಂದಕ್ಕೆ ಬಾಗಿಸಿ ಕಾಲು ಮಡಚಿಕೊಂಡು ಮಲಗುತ್ತಾನೆ. ಗಾಜು ಇಳಿಸಿದರೆ ಸೊಳ್ಳೆ, ಏರಿಸಿದರೆ ಸೆಕೆ. ಬೆಳಗ್ಗೆ ಐದಕ್ಕೆ ನಾವು ಸ್ನಾನ ಮುಗಿಸಿ ಬರುತ್ತೇವೆ. ಆತ ರಸ್ತೆ ಬದಿಯ ನಲ್ಲಿಯಲ್ಲಿ ಮುಖ ತೊಳೆದು ಸ್ಟಿಯರಿಂಗ್ ಹಿಡಿಯುತ್ತಾನೆ. ಮುಂದಿನದು ಶಿರಾಡಿ ಘಾಟಿಯೋ ಚಾರ್ಮಾಡಿ ಘಾಟಿಯೋ. ಹಿಂದಿನ ಸೀಟಿನಲ್ಲಿ ಮಕ್ಕಳು ಮೊಮ್ಮಕ್ಕಳು. ಅವರೆಲ್ಲರ ಪ್ರಾಣ ಆ ಮನುಷ್ಯನ ಎರಡು ರೆಪ್ಪೆಗಳ ಮೇಲೆ ನಿಂತಿದೆ ಎಂಬ ಅರಿವು ನಮಗಿದ್ದಿದ್ದರೆ ಅವನಿಗೊಂದು ಹಾಸಿಗೆ ಕೊಡಿಸದೆ ನಾವು ಮಲಗುತ್ತಿದ್ದೆವೇ? ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ ಎಂದು 1961ರ ಕಾಯ್ದೆಯೇ ಹೇಳಿತ್ತು. 2020ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಆ್ಯಪ್ ಚಾಲಕರಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. ಆದರೆ ಕಂತು ಕಟ್ಟಬೇಕಾದವನು ಗಡಿಯಾರ ನೋಡಿ ದುಡಿಯುವುದಿಲ್ಲ. ನಾವೂ ಬೆಳಗಿನಿಂದ ಗಾಡಿ ಓಡಿಸಿದವನನ್ನೇ ‘ರಾತ್ರಿಯೇ ಹೊರಟುಬಿಡೋಣ, ಲಾಡ್ಜಿನ ಖರ್ಚು ಉಳಿಯುತ್ತದೆ’ ಎಂದು ಒತ್ತಾಯಿಸುತ್ತೇವೆ.

ವೃತ್ತಿಜೀವನದುದ್ದಕ್ಕೂ ಅಂಕ ಹಾಕಿದವನಾದ್ದರಿಂದ ಇನ್ನೊಂದು ವಿಷಯ ನನ್ನ ಗಮನ ಸೆಳೆಯಿತು. ಪ್ರಯಾಣ ಮುಗಿದೊಡನೆ ನಾವು ಚಾಲಕನಿಗೆ ನಕ್ಷತ್ರಗಳ ಲೆಕ್ಕದಲ್ಲಿ ಅಂಕ ಕೊಡುತ್ತೇವೆ. ರಸ್ತೆಯಲ್ಲಿ ವಾಹನದಟ್ಟಣೆ ಇದ್ದುದಕ್ಕೆ, ಮಳೆ ಬಂದುದಕ್ಕೆ, ಫೋನಿನ ನಕ್ಷೆ ತಪ್ಪು ದಾರಿ ತೋರಿಸಿದ್ದಕ್ಕೆ ಸಿಟ್ಟಾಗಿ ಒಂದು ನಕ್ಷತ್ರ ಒತ್ತಿ ಇಳಿದುಹೋಗುವವರಿದ್ದಾರೆ. ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗೆ ಅಂಕ ಕಡಿಮೆ ಬಂದರೆ ಉತ್ತರ ಪತ್ರಿಕೆಯ ನಕಲು ಪಡೆಯುವ, ಮರುಮೌಲ್ಯಮಾಪನ ಕೇಳುವ ಹಕ್ಕಿದೆ. ಮೌಲ್ಯಮಾಪಕನಾಗಿ ನಾನು ಹಾಕಿದ ಒಂದೊಂದು ಅಂಕಕ್ಕೂ ಉತ್ತರ ಹೇಳಬೇಕಿತ್ತು. ಚಾಲಕನಿಗೆ ಅಂಕ ಹಾಕುವವರು ಯಾರಿಗೂ ಉತ್ತರ ಹೇಳಬೇಕಿಲ್ಲ. ಅಂಕ ಕುಸಿದು ಐ.ಡಿ. ಬ್ಲಾಕ್ ಆದರೆ ಆ ಮನೆಯ ಒಲೆ ಆರುತ್ತದೆ. ಆಗ ಅಹವಾಲು ಹೇಳಿಕೊಳ್ಳೋಣವೆಂದರೆ ಎದುರಿಗೆ ಕಾಣುವುದು ಮನುಷ್ಯನ ಮುಖವಲ್ಲ, ಫೋನಿನ ಪರದೆ.

ಈ ವಿಷಯದಲ್ಲಿ ನಮ್ಮ ರಾಜ್ಯ ಒಂದು ಹೆಜ್ಜೆ ಮುಂದಿಟ್ಟಿರುವುದು ಸಂತೋಷದ ಸಂಗತಿ. ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಮೊದಲು ಸುಗ್ರೀವಾಜ್ಞೆಯನ್ನೂ ಅನಂತರ ಕಾಯ್ದೆಯನ್ನೂ ತಂದಿತು. ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ ಶೇಕಡಾ 1ರಿಂದ 5ರವರೆಗೆ ಕ್ಷೇಮಾಭಿವೃದ್ಧಿ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅದರಲ್ಲಿ ಅವಕಾಶವಿದೆ. ಸಕಾರಣವನ್ನು ಬರೆದು ತಿಳಿಸದೆ, 14 ದಿನಗಳ ಮುನ್ಸೂಚನೆ ಕೊಡದೆ ಕಾರ್ಮಿಕನನ್ನು ಸಾಮಾನ್ಯವಾಗಿ ತೆಗೆಯುವಂತಿಲ್ಲ. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಬ್ರಿಟನ್ನಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರುವರಿಯಲ್ಲಿ ಉಬರ್ ಪ್ರಕರಣದ ಚಾಲಕರು ಸ್ವತಂತ್ರ ವ್ಯಾಪಾರಿಗಳಲ್ಲ, ಕೆಲಸಗಾರರೇ ಎಂದು ತೀರ್ಪಿತ್ತಿತು. ಚಾಲಕನನ್ನು ‘ಪಾರ್ಟ್‌ನರ್’ ಎಂದು ಕರೆದು, ಲಾಭದಲ್ಲಿ ಮಾತ್ರ ಪಾಲು ಕೊಡದಿರುವ ಜಾಣತನ ಇನ್ನು ಹೆಚ್ಚು ಕಾಲ ನಡೆಯಲಾರದೆಂದು ಆಶಿಸೋಣ.

ಆದರೆ ಕಾನೂನು ಮುಟ್ಟಲಾಗದ ಜಾಗಗಳೂ ಇವೆ. ನನ್ನ ಶಿಷ್ಯನ ತಮ್ಮನೂ ಚಾಲಕ. ಮೂವತ್ತನಾಲ್ಕಾದರೂ ಮದುವೆಯಾಗಿಲ್ಲ. ದುರಭ್ಯಾಸವಿಲ್ಲ, ಸ್ವಂತ ಗಾಡಿಯಿದೆ, ಊರಿನಲ್ಲಿ ಮನೆಯಿದೆ. ‘ಹುಡುಗ ಏನು ಕೆಲಸ?’ ಎಂಬ ಪ್ರಶ್ನೆಗೆ ‘ಟ್ಯಾಕ್ಸಿ’ ಎಂದೊಡನೆ ಮಾತುಕತೆ ಕಾಫಿಗೇ ಮುಗಿಯುತ್ತದಂತೆ. ಅದೇ ಹೆಣ್ಣಿನ ಮನೆಯವರು ಮಗಳನ್ನು ರಾತ್ರಿ ಹನ್ನೊಂದಕ್ಕೆ ಒಬ್ಬಳನ್ನೇ ವಿಮಾನ ನಿಲ್ದಾಣದಿಂದ ಕರೆತರಲು ನಂಬುವುದು ಇಂಥವರನ್ನೇ. ನಂಬಲು ಯೋಗ್ಯ, ನೆಂಟನಾಗಲು ಅಯೋಗ್ಯ! ಕರ್ಣನ ಕಥೆಗೆ ಮರುಗಿ ಕಣ್ಣೀರು ಹಾಕುವ ನಮ್ಮ ಮನೆಗಳಲ್ಲಿಯೇ ಇದು ನಡೆಯುತ್ತಿದೆ.

ಚಾಲಕರೆಲ್ಲರೂ ಸಾಧುಸಂತರು ಎಂದು ನಾನು ವಾದಿಸುತ್ತಿಲ್ಲ. ಕರೆದರೆ ಬಾರದವರು, ನಗದೇ ಬೇಕೆಂದು ಪಟ್ಟು ಹಿಡಿಯುವವರು, ಹೆಣ್ಣುಮಕ್ಕಳೊಡನೆ ಅಸಭ್ಯವಾಗಿ ವರ್ತಿಸುವವರು ಇದ್ದಾರೆ. 2005ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟಿದ್ದ ಯುವತಿಯ ಕೊಲೆಯಾದದ್ದನ್ನು ಯಾರೂ ಮರೆತಿಲ್ಲ, ಮರೆಯಲೂ ಬಾರದು. ಒಂಟಿಯಾಗಿ ಕಾರು ಹತ್ತುವ ಮಗಳು ಗಾಡಿಯ ಸಂಖ್ಯೆಯನ್ನು ಮನೆಗೆ ತಿಳಿಸಲಿ, ಅದು ವಿವೇಕ. ತಪ್ಪು ಮಾಡಿದವನಿಗೆ ಕಠಿಣ ಶಿಕ್ಷೆಯಾಗಲಿ. ಆದರೆ ಶಿಕ್ಷಕರಲ್ಲಿ ದುಷ್ಟನೊಬ್ಬ ಸಿಕ್ಕಿಬಿದ್ದಾಗ ಎಲ್ಲ ಶಿಕ್ಷಕರನ್ನೂ ಸಂಶಯದಿಂದ ನೋಡಿದರೆ ನನ್ನಂಥವರಿಗೆ ಎಷ್ಟು ನೋವಾಗುತ್ತದೋ, ಅಷ್ಟೇ ನೋವು ಅವರಿಗೂ ಆಗುತ್ತದೆ. ಎಚ್ಚರಿಕೆಗೂ ತಿರಸ್ಕಾರಕ್ಕೂ ವ್ಯತ್ಯಾಸವಿದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡದೇನೂ ಇಲ್ಲ. ಗಾಡಿ ಬರುವ ಮೊದಲೇ ಚಾಲಕನ ಹೆಸರು ನಮ್ಮ ಫೋನಿನಲ್ಲಿ ಮೂಡಿರುತ್ತದೆ. ಹತ್ತಿದೊಡನೆ ಆ ಹೆಸರು ಹಿಡಿದು, ಬಹುವಚನದಲ್ಲಿ ಮಾತನಾಡಿಸೋಣ. ನಮ್ಮ ಮಕ್ಕಳ ಎದುರಿಗೆ ಹಾಗೆ ಮಾಡೋಣ, ಏಕೆಂದರೆ ಮಕ್ಕಳು ನಾವು ಹೇಳಿದ್ದಕ್ಕಿಂತ ನಾವು ಮಾಡಿದ್ದನ್ನು ಬೇಗ ಕಲಿಯುತ್ತಾರೆ. ದೂರದ ಪ್ರಯಾಣವಾದರೆ ಬಾಡಿಗೆ ಮಾತನಾಡುವಾಗಲೇ ಚಾಲಕನ ಹಾಸಿಗೆಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯೋಣ. ಛತ್ರ, ವಸತಿಗೃಹ ಕಟ್ಟಿಸುವವರು ಚಾಲಕರಿಗೊಂದು ಮಲಗುವ ಕೋಣೆ, ಒಂದು ಶೌಚಾಲಯ ಇರಿಸಲಿ. ದೇವರ ಕೋಣೆಗೆ ಜಾಗ ಬಿಡುವವರಿಗೆ ಇದು ಭಾರವಾಗದು. ಅಪಾರ್ಟ್‌ಮೆಂಟಿನವರು ಗೇಟಿನ ಬಳಿ ಒಂದು ಬೆಂಚು, ಒಂದು ಕುಡಿಯುವ ನೀರಿನ ನಲ್ಲಿ ಇಟ್ಟರೆ ಅಲ್ಲೊಂದು ಪುಟ್ಟ ಟ್ಯಾಕ್ಸಿ ಸ್ಟ್ಯಾಂಡು ತಾನಾಗಿ ಹುಟ್ಟುತ್ತದೆ. ಒಂಟಿ ಒಂಟಿಯಾಗಿ ಪರದೆ ನೋಡುವವರು ನಾಲ್ಕು ಮಾತನಾಡಿಕೊಂಡಾರು.

ಮದುವೆಯ ಮನೆಯವರಿಗೆ ನನ್ನದೊಂದು ವಿಶೇಷ ವಿನಂತಿ. ದಿಬ್ಬಣದಲ್ಲಿ ಎಷ್ಟು ಜನ ಬರುತ್ತೀರೆಂದು ಬೀಗರು ಕೇಳಿದಾಗ ಚಾಲಕರನ್ನೂ ಸೇರಿಸಿ ಲೆಕ್ಕ ಹೇಳಿರಿ. ಮೊದಲ ಪಂಕ್ತಿಯಲ್ಲಿಯೇ ಅವರಿಗೆ ಎಲೆ ಹಾಕಿಸಿರಿ. ಅವರು ಬೇಗ ಉಂಡರೆ ಎರಡು ಗಂಟೆ ನಿದ್ದೆ ಮಾಡುತ್ತಾರೆ. ಆ ನಿದ್ದೆ ಸಂಜೆ ನಿಮ್ಮನ್ನು ಸುರಕ್ಷಿತವಾಗಿ ಮನೆ ಮುಟ್ಟಿಸುತ್ತದೆ. ಏನಂತೀರಿ?